ಕುಂಬಳಬಳ್ಳಿ ಕಾಯಿ ಕಚ್ಚಿದ ಸುದ್ದಿ

೧೭ ಮೇ, ಭಾನುವಾರ ಬೆಳಿಗ್ಗೆ

ಪ್ರೀತಿಯ ಶಿಷ್ಯನಿಗೆ,

ನಿನಗೂ, ನಿನ್ನ ಮನೆಯವರಿಗೂ, ನನ್ನ ಪುಟ್ಟ ಗೆಳತಿಯಾದ ನಿನ್ನ ಮಗಳಿಗೂ ನಮ್ಮಿಬ್ಬರ ಆಶೀರ್ವಾದಗಳು. ನೀನು ಬಂದು ನಮ್ಮ ಹಿತ್ತಿಲಿನ ಪೈಪು ರಿಪೇರಿ ಮಾಡಿ ಎರಡು ತಿಂಗಳ ಮೇಲಾಯಿತು. ಹೊರಡುವಾಗ ಗೇಟಿನ ಬಳಿ ನಿಂತು, "ಬಳ್ಳಿ ಏನಾಯ್ತು ಅಂತ ತಿಳಿಸಿ ಸರ್" ಎಂದಿದ್ದೆ. ತಿಳಿಸಲು ಇಷ್ಟು ತಡಮಾಡಿದ್ದು ತಪ್ಪು. ಫೋನನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟದ್ದು ನಾಲ್ಕೈದು ಸಲವಾದರೂ ಇದ್ದೀತು. ಕೆಲವು ವಿಷಯಗಳು ನನಗೆ ಕಾಗದದ ಮೇಲೆ ಮಾತ್ರ ನೆಟ್ಟಗೆ ಬರುತ್ತವೆ. ಮೇಷ್ಟರ ಕೆಲಸ ಬಿಟ್ಟರೂ ಈ ಚಾಳಿ ಬಿಟ್ಟಿಲ್ಲ.

ಮೊದಲು ಶುಭ ಸಮಾಚಾರ: ಎರಡು ಬಳ್ಳಿಗಳಲ್ಲಿ ಐದು ಕುಂಬಳಕಾಯಿ! ದೊಡ್ಡದು ನಮ್ಮ ನೀರಿನ ಕೊಡದಷ್ಟಿದೆ. ಮಣ್ಣು ತಾಗಿ ಕೊಳೆಯಬಾರದೆಂದು ನೀನು ಹೇಳಿದಂತೆ ಪ್ರತಿಯೊಂದರ ಅಡಿಗೂ ಹಳೆಯ ಹೆಂಚಿನ ಚೂರು ಇಟ್ಟಿದ್ದೇನೆ. ಟೊಮೇಟೊ ಕೂಡ ಚೇತರಿಸಿಕೊಂಡಿದೆ. "ಬೆರಳನ್ನ ಎರಡು ಗೆಣ್ಣು ಇಳಿಸಿ ನೋಡಿ ಸರ್. ಒಳಗೆ ತೇವ ಇದ್ರೆ ನೀರು ಹಾಕ್ಬೇಡಿ. ನೀವು ಗಿಡಾನ ಪ್ರೀತಿಯಿಂದಾನೇ ಮುಳುಗಿಸ್ತಾ ಇದ್ದೀರಿ" ಎಂದೆಯಲ್ಲ, ಅಂದಿನಿಂದ ನನ್ನ ತೋರುಬೆರಳಿನ ಉಗುರು ಶುಚಿಯಾಗಿದ್ದ ದಿನವೇ ಇಲ್ಲ. ಬೆಂಡೆಯ ಎಲೆಯಡಿಯ ಹೇನು ಸೋಪಿನ ನೀರಿಗೆ ಹೋಯಿತು. ಬದನೆಯ ಕುಂಡಗಳನ್ನು ಗೋಡೆಯ ನೆರಳಿನಿಂದ ಎಳೆದು ಬಿಸಿಲಿಗೆ ತಂದೆ. ಜೊತೆಗೆ ನನ್ನ ಸೊಂಟವೂ ಸ್ವಲ್ಪ ಎಳೆಯಿತು.

ಅಂದಿನ ಪ್ರಸಂಗ ನೆನೆದು ನಮ್ಮ ಮನೆಯಾಕೆ ಇಂದಿಗೂ ನಗುತ್ತಾಳೆ. ನೀನು ಸ್ಪ್ಯಾನರ್ ಕೆಳಗಿಟ್ಟು, "ಈ ಹೂವೆಲ್ಲ ಯಾಕೆ ಸರ್ ಬುಟ್ಟೀಲಿ?" ಎಂದು ಕೇಳಿದೆ. ಕಾಯಿ ಹಿಡಿಯದ ಹೂಗಳು ಬಳ್ಳಿಯ ಸಾರವನ್ನೆಲ್ಲ ಹೀರಿಬಿಡುತ್ತವೆ, ಅದಕ್ಕೆ ದಿನವೂ ಕೀಳುತ್ತೇನೆ ಎಂದು ಗಂಭೀರವಾಗಿ ವಿವರಿಸಿದೆ.

"ಅಯ್ಯೋ ಸರ್, ಇವು ಗಂಡು ಹೂವು! ಗಂಡುಗಳನ್ನೆಲ್ಲ ಓಡಿಸಿಬಿಟ್ಟು ಕಾಯಿ ಯಾಕೆ ಬರ್ಲಿಲ್ಲ ಅಂತ ಹೆಣ್ಣು ಹೂವನ್ನ ಕೇಳಿದ್ರೆ, ಪಾಪ, ಅದೇನ್ ಹೇಳತ್ತೆ?"

ಅಡುಗೆಮನೆಯ ಕಿಟಕಿಯಿಂದ ಇವಳು, "ಮೂವತ್ತೊಂದು ವರ್ಷ ಇದೇ ಪಾಠ ಮಾಡಿದ್ರಿ. ಪುಣ್ಯಕ್ಕೆ ನಿಮ್ಮ ಮಾತು ಕೇಳಿ ಯಾರೂ ತೋಟ ಮಾಡ್ಲಿಲ್ಲ" ಎಂದಳು.

ನಿಜ. ಕಪ್ಪು ಹಲಗೆಯ ಮೇಲೆ ನಾನು ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸುತ್ತಿದ್ದ ಹೂವಿನಲ್ಲಿ ಗಂಡು ಭಾಗ, ಹೆಣ್ಣು ಭಾಗ ಎರಡೂ ಒಟ್ಟಿಗೇ ಇರುತ್ತಿದ್ದವು. 'ಕೆಲವು ಗಿಡಗಳಲ್ಲಿ ಇವು ಬೇರೆ ಬೇರೆ' ಎಂಬುದು ಪುಸ್ತಕದ ಒಂದು ಸಾಲು. ಓದಿಸಿ ಮುಂದೆ ಹೋಗುತ್ತಿದ್ದೆ. ನೀನು ಒಂದು ಹೂವಿನ ಎಸಳು ಬಿಡಿಸಿ, ಅದರ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ ತೋರಿಸಿದಾಗಲೇ ಆ ಸಾಲು ನನಗೆ ಅರ್ಥವಾದದ್ದು. ಈಗ ದಿನವೂ ಬಿಸಿಲೇರುವ ಮುಂಚೆ ಆ ಕೆಲಸಕ್ಕೆ ಇಳಿಯುತ್ತೇನೆ. "ಬೆಳಗಾಯ್ತು, ಸಂಬಂಧ ಕುದುರಿಸೋಕೆ ಹೊರಟ್ರಾ?" ಎಂದು ಇವಳ ಕುಟುಕು.

ಆದರೆ ನಾನು ಈ ಕಾಗದ ಬರೆಯುತ್ತಿರುವುದು ಕುಂಬಳಕ್ಕಾಗಿ ಮಾತ್ರವಲ್ಲ. ಅಂದು ಪೈಪಿಗೆ ದಾರ ಸುತ್ತುತ್ತ ನೀನು ತಲೆಯೆತ್ತದೆ ಹೇಳಿದೆ: "ಮಗಳು ವಿಜ್ಞಾನದಲ್ಲಿ ಫೇಲಾದಳು ಸರ್. ಜೂನಲ್ಲಿ ಸ್ಕೂಲಿಂದ ಹೆಸರು ತೆಗೆಸಿ ಹೊಲಿಗೆಗೆ ಹಾಕ್ತೀನಿ. ನಮ್ಮ ಮನೆತನದ ತಲೆಗೆ ಓದು ಹತ್ತೋದಿಲ್ಲ. ನನ್ನ ಕತೆ ನಿಮಗೇ ಗೊತ್ತಲ್ಲ." ಹೇಳಿ ನಕ್ಕೆ. ನಾನು ನಗಲಿಲ್ಲ.

ಮರುವಾರ ಹೊಸ ನಲ್ಲಿ ಕೂರಿಸಲು ಬೆಳಿಗ್ಗೆ ಏಳಕ್ಕೇ ಬಂದಾಗ ಅವಳನ್ನೂ ಕರೆತಂದಿದ್ದೆ. ನೀನು ಕೆಲಸದಲ್ಲಿ ಮುಳುಗಿದ್ದೆ; ಅವಳು ಮಾಡಿದ್ದನ್ನು ನೋಡಿರಲಾರೆ. ಅಂದು ನಾಲ್ಕು ಹೆಣ್ಣು ಹೂಗಳು ಅರಳಿದ್ದವು. ಎರಡಕ್ಕೆ ಪರಾಗ ಸವರಿ ಕೆಂಪು ನೂಲು ಕಟ್ಟಿದಳು. ಉಳಿದೆರಡನ್ನು ತೋರಿಸಿ, "ಇವನ್ನ ಮುಟ್ಬೇಡಿ ತಾತ. ಮುಟ್ಟದೇ ಇದ್ರೆ ಏನಾಗತ್ತೆ ಅಂತ ಗೊತ್ತಾಗ್ಬೇಡ್ವಾ?" ಎಂದಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹತ್ತನೆಯ ದಿನ ನಿನ್ನ ಫೋನಿನಿಂದಲೇ ಕರೆ ಮಾಡಿದಳು. ನೂಲಿನವು ಎರಡೂ ನಿಂತಿವೆ, ಮುಟ್ಟದವುಗಳಲ್ಲಿ ಒಂದು ಹಳದಿಯಾಗಿ ಉದುರಿತು, ಆದರೆ ಇನ್ನೊಂದು ಕಾಯಿ ಕಚ್ಚಿದೆ ಎಂದೆ. ಬೇರೆ ಮಕ್ಕಳಾಗಿದ್ದರೆ ತಮ್ಮ ಲೆಕ್ಕಾಚಾರ ಕೆಟ್ಟಿತೆಂದು ಮುಖ ಸಣ್ಣದು ಮಾಡುತ್ತಿದ್ದರು. ಇವಳು, "ಜೇನು ಬಂದು ಹೋಗಿರ್ಬೇಕು ತಾತ. ಬಟ್ಟೆ ಕಟ್ಟಿ ಮುಚ್ಚಬೇಕಿತ್ತು. ನನ್ನದೇ ತಪ್ಪು" ಎಂದಳು.

ಮಗೂ, ಇಷ್ಟು ವರ್ಷಗಳ ನನ್ನ ತರಗತಿಗಳಲ್ಲಿ ಹೀಗೆ ಯೋಚಿಸಿದವರನ್ನು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚು. ಪರೀಕ್ಷೆಯ ಉತ್ತರ ಬರೆಯುವುದನ್ನು ಕಲಿಸಬಹುದು, ಅದು ನನ್ನ ಪಾಲಿನ ಕೆಲಸ. ಭಾನುವಾರಗಳಂದು ಅವಳನ್ನು ಇಲ್ಲಿಗೆ ಕಳಿಸು. ಅರ್ಧ ದಿನ ಪುಸ್ತಕ, ಅರ್ಧ ದಿನ ಹಿತ್ತಿಲು. ಹೊಲಿಗೆ ಒಳ್ಳೆಯ ವಿದ್ಯೆ. ಅವಳಿಗೆ ಮನಸ್ಸಿದ್ದರೆ ಅದನ್ನೂ ಕಲಿಯಲಿ. ಶಾಲೆಯಿಂದ ಹೆಸರು ಮಾತ್ರ ತೆಗೆಸಬೇಡ.

ನಿನ್ನ ಸಂಸಾರ ಹಸಿರಾಗಿರಲಿ. ನಿನ್ನ ಮಗಳು ಮನಸ್ಸು ತುಂಬ ಪ್ರಶ್ನೆ ಕೇಳುತ್ತ ಬೆಳೆಯಲಿ.

ಸದಾ ನಿಮ್ಮ ಒಳಿತನ್ನೇ ಬಯಸುವ,
ನಿನ್ನ ವಿಜ್ಞಾನದ ಮೇಷ್ಟರು

ಪುನಶ್ಚ: ಇದು ಮರೆತು ಬಿಟ್ಟ ಮಾತಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಉಳಿದದ್ದು. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನೀನು ಫೇಲಾಗಿರಲಿಲ್ಲ. ಪಾಸಾಗಲು ಮೂವತ್ತೈದು ಬೇಕಿತ್ತು, ನಿನಗೆ ಮೂವತ್ತೆಂಟು ಬಂದಿತ್ತು. ಒಂಬತ್ತು ವರ್ಷ ನನ್ನ ವಿಷಯದಲ್ಲಿ ಒಬ್ಬನೂ ಫೇಲಾಗಿರಲಿಲ್ಲ. ದೊಡ್ಡ ಪಬ್ಲಿಕ್ ಪರೀಕ್ಷೆಯಲ್ಲಿ ನೀನು ಜಾರಿದರೆ ನನ್ನ ಹೆಸರು ಕೆಡುವುದೆಂದು ಹೆದರಿ, ನಿನ್ನನ್ನು ಅದಕ್ಕೆ ಕೂರಿಸದಿರಲು ನಿನ್ನ ಅಂಕ ತಗ್ಗಿಸಿದೆ. ನಿನ್ನ ತಂದೆಯವರನ್ನು ಕರೆಸಿ, "ಇವನ ತಲೆಗೆ ಓದು ಹತ್ತುವುದಿಲ್ಲ" ಎಂದವನು ನಾನೇ. ಇಪ್ಪತ್ತೆರಡು ವರ್ಷ ನೀನು ನಿಜವೆಂದು ನಂಬಿದ್ದು ನನ್ನ ಸುಳ್ಳನ್ನು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಇದನ್ನು ಓದಿದ ಮೇಲೆ ನನ್ನ ಬಾಗಿಲಿಗೆ ಬರಬಾರದು ಎನಿಸಿದರೆ ಬರಬೇಡ. ಅವಳನ್ನು ಬೇರೆ ಯಾರ ಹತ್ತಿರವಾದರೂ ಪಾಠಕ್ಕೆ ಕಳಿಸು, ನನ್ನ ಹತ್ತಿರವೇ ಆಗಬೇಕೆಂದಿಲ್ಲ. ನನ್ನ ಮೇಲಿನ ಸಿಟ್ಟನ್ನು ನನ್ನ ಮೇಲೆಯೇ ತೀರಿಸಿಕೊ, ಮಗೂ. ಜೂನ್ ತಿಂಗಳಲ್ಲಿ ಅವಳು ಶಾಲೆಯಲ್ಲಿರಲಿ.