ನಾಲ್ಕು ಹತ್ತರ ಗಡಿಯಾರ

೧೦ ಜನವರಿ ೨೦೨೩, ಮಂಗಳವಾರ

ನಾನು ಕೆಲಸ ಮಾಡುವ ದಾನದ ಬಟ್ಟೆ ಅಂಗಡಿಗೆ ಇವತ್ತು ಹದಿನಾಲ್ಕು ಚೀಲ ಹಳೆ ಬಟ್ಟೆ ಬಂತು. ಕ್ರಿಸ್‌ಮಸ್‌ಗೆ ಸಿಕ್ಕ ಸ್ವೆಟರನ್ನು ಹದಿನೈದೇ ದಿನಕ್ಕೆ ದಾನ ಮಾಡುವ ಪುಣ್ಯಾತ್ಮರು. ಬೆಲೆ ಚೀಟಿ ಅಂಟಿಸುತ್ತಿದ್ದೆ, ಫೋನ್. ಇಮೋಜೆನ್ ಅಂತೆ, ನಿರ್ಮಾಪಕಿ. ದನಿ ಕೇಳಿದರೆ ಮೂವತ್ತು ದಾಟಿರಲಾರದು.

ಟಿವಿ ಧಾರಾವಾಹಿ 'ಬಾಬಿನ್ ರೋ' ಮತ್ತೆ ಶುರು. ಇಪ್ಪತ್ತು ವರ್ಷದ ಮೇಲೆ! ಆರು ಕಂತು. ಹಳೆಯ ತೊಂಬತ್ತು ಕಂತುಗಳನ್ನೂ ಮನೆಯಲ್ಲೇ ಬೇಕಾದಾಗ ನೋಡುವ ಹಾಗೆ ಹಾಕುತ್ತಾರಂತೆ. ಈಡಿ ಇಲ್ಲದೆ ಧಾರಾವಾಹಿ ಇಲ್ಲ ಎಂದಳು. ಈಡಿ ಅಂದರೆ ನಾನು. ಒಂಬತ್ತು ವರ್ಷ ಈಡಿ.

ಇಪ್ಪತ್ತು ವರ್ಷದ ಹಿಂದೆ ಧಾರಾವಾಹಿ ಬಂದ್ ಎಂದು ಹೇಳಿದ್ದೂ ಫೋನಿನಲ್ಲೇ. ಊಟದ ವಿರಾಮದಲ್ಲಿ, ಪೈ ಅರ್ಧ ತಿಂದಿದ್ದಾಗ. ಮಧ್ಯಾಹ್ನ ಒಂದು ದೃಶ್ಯ ಉಳಿದಿತ್ತು, ಅದನ್ನು ಮುಗಿಸಿ ಮನೆಗೆ ಹೋಗಿ ಎಂದರು.

ವಿಲ್ಫ್‌ಗೆ ಏನು ಮಾಡುತ್ತೀರಿ ಎಂದು ಕೇಳಿದೆ. ವಿಲ್ಫ್ ಈಡಿಯ ಗಂಡ. ಆ ಪಾತ್ರ ಮಾಡುತ್ತಿದ್ದ ಕ್ಲಿಫ್ ಹೋಗಿ ಐದು ವರ್ಷವಾಗುತ್ತ ಬಂತು. ಮೊದಲ ಕಂತೇ ವಿಲ್ಫ್‌ನ ಅಂತ್ಯಸಂಸ್ಕಾರ ಎಂದಳು.

ಆಮೇಲೆ ಎಷ್ಟು ಚೀಟಿ ತಪ್ಪು ಅಂಟಿಸಿದೆನೋ. ಯಾರೋ ಒಂದು ಪೌಂಡಿಗೆ ಉಣ್ಣೆಯ ಕೋಟು ಒಯ್ದರು.

೧೧ ಜನವರಿ

ಉಂಗುರ ಸಿಕ್ಕಿತು. ಗುಂಡಿಗಳ ಡಬ್ಬಿಯಲ್ಲೇ ಇತ್ತು. ಕಡೆಯ ದಿನ ಎಲ್ಲರೂ ಸೆಟ್ಟಿನಿಂದ ಒಂದೊಂದು ಎತ್ತಿಕೊಂಡೆವು — ನಾನು ಈಡಿಯ ಮದುವೆ ಉಂಗುರ, ಕ್ಲಿಫ್ ಅಡುಗೆಮನೆಯ ಗೋಡೆ ಗಡಿಯಾರ. ಉಂಗುರ ಹಿತ್ತಾಳೆಯದು. ಬೆರಳು ದಪ್ಪವಾಗಿದೆ, ಸಾಬೂನು ಹಚ್ಚಬೇಕಾಯಿತು.

೨೬ ಜನವರಿ, ಗುರುವಾರ

ಸ್ಕ್ರಿಪ್ಟ್ ಬಂತು. ಚೆನ್ನಾಗಿದೆ. ಈಡಿ ಮೊದಲ ಸಾಲಿನಲ್ಲಿ ಕೂತು ಅಳುತ್ತಾಳೆ.

ಕ್ಲಿಫ್‌ನ ನಿಜವಾದ ಅಂತ್ಯಸಂಸ್ಕಾರದಲ್ಲಿ ನಾನು ಐದನೆಯ ಸಾಲು. ಜೊತೆ ಕೆಲಸದವರ ಸಾಲು. ಕಣ್ಣಲ್ಲಿ ಒಂದು ಹನಿ ಇಲ್ಲ. ಹ್ಯಾಮ್ ಸ್ಯಾಂಡ್‌ವಿಚ್ ಎರಡು ತಿಂದೆ, ಮಳೆಯ ಬಗ್ಗೆ ಮಾತಾಡಿದೆ. ಬರುವಾಗ ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ಒಂದು ಗಂಟೆ ಅತ್ತೆ. ಗಾಜು ತಟ್ಟಿದವನಿಗೆ ಹಲ್ಲುನೋವು ಎಂದೆ.

ಈ ಸಲ ಮೊದಲ ಸಾಲು. ಅತ್ತರೆ ಯಾರೂ ಏನೂ ಅನ್ನುವುದಿಲ್ಲ. ಅಳು ಎಂದೇ ದುಡ್ಡು ಕೊಡುತ್ತಾರೆ. ಇದು ಬೇಕು ನನಗೆ. ಇಷ್ಟು ಆಸೆ ಯಾವುದಕ್ಕೂ ಪಟ್ಟವಳಲ್ಲ.

ಆದರೆ ತೊಡಕು. ಶವಪೆಟ್ಟಿಗೆಯ ಮೇಲೆ ಕ್ಲಿಫ್‌ನ ಫೋಟೋ ಇಡಬೇಕು, ಅದಕ್ಕೆ ಅವನ ಹೆಂಡತಿ ಥೆಲ್ಮಾಳ ಒಪ್ಪಿಗೆ ಬೇಕು. ಎರಡು ಪತ್ರಕ್ಕೂ ಉತ್ತರ ಇಲ್ಲ. ಒಪ್ಪದಿದ್ದರೆ ವಿಲ್ಫ್ ಯಾರ ಜೊತೆಗೋ ಸ್ಪೇನಿಗೆ ಓಡಿಹೋದ ಎಂದು ಬರೆಯುತ್ತಾರಂತೆ. ಈಡಿ ಗಂಡ ಬಿಟ್ಟವಳು — ನಗುವಂಥ ಕಂತು.

ನಾನೇ ಹೋಗಿ ಕೇಳುತ್ತೇನೆ ಎಂದುಬಿಟ್ಟೆ.

೨ ಫೆಬ್ರವರಿ

ಥೆಲ್ಮಾಳ ಊರು ಆಟ್ಲಿಗೆ ಬಸ್ಸು. ಬಾಗಿಲಲ್ಲೇ ನನ್ನ ಕೋಟು ಬಿಚ್ಚಿಸಿ ತೆಗೆದುಕೊಂಡಳು. ಸಣ್ಣಗಾಗಿದ್ದಾಳೆ. ಅಡುಗೆಮನೆಗೆ ಕರೆದಳು. ಒಳಗೆ ಕಾಲಿಟ್ಟವಳು ನಿಂತೇಬಿಟ್ಟೆ.

ಗೋಡೆಯ ಮೇಲೆ ಆ ಗಡಿಯಾರ. ನಾಲ್ಕು ಹತ್ತು.

ಅದು ಎಂದೂ ಓಡಿಲ್ಲ ಎಂದಳು ಥೆಲ್ಮಾ. ಒಮ್ಮೆ ಅವಳು ಬ್ಯಾಟರಿ ಹಾಕಿದ್ದಳಂತೆ. ಕ್ಲಿಫ್ ಬಂದು ತೆಗೆದುಹಾಕಿ, ಮುಳ್ಳನ್ನು ತಿರುಗಿಸಿ ಮತ್ತೆ ಅಲ್ಲಿಗೇ ತಂದಿಟ್ಟನಂತೆ.

"ನಲವತ್ತೊಂದು ವರ್ಷದಲ್ಲಿ ಅವತ್ತೊಂದೇ ದಿನ ನನ್ನ ಮೇಲೆ ಕೂಗಾಡಿದ್ದು. ಒಂದು ಗಡಿಯಾರಕ್ಕೆ! ನಿಮಗೇನಾದ್ರೂ ಗೊತ್ತಾ ನೊರೀನ್?"

ಸೆಟ್ಟಿನ ಗಡಿಯಾರ ಓಡುವ ಹಾಗಿಲ್ಲ ಎಂದೆ. ಐದು ನಿಮಿಷದ ದೃಶ್ಯವನ್ನು ಮೂರು ಗಂಟೆ ತೆಗೆಯುತ್ತಾರಲ್ಲ, ಮುಳ್ಳು ಮುಂದೆ ಹೋದರೆ ಎಡವಟ್ಟು. ಅದಕ್ಕೇ ಸಾಮಾನು ನೋಡಿಕೊಳ್ಳುವವನು ಕೈಯಲ್ಲಿ ತಿರುಗಿಸಿ ಇಡುತ್ತಾನೆ. ನಟರಿಗೆ ಅದೇ ಚಾಳಿ ಬಿದ್ದಿರುತ್ತದೆ, ಅಷ್ಟೇ — ಎಂದೆ. ಅವಳು ನಂಬಿದಳು. ಫೋಟೋಗೆ ಒಪ್ಪಿದಳು, ಬೇಕಾದರೆ ಗಡಿಯಾರವನ್ನೂ ಒಯ್ಯಿರಿ, ಸೆಟ್ಟಿನಲ್ಲಿ ಅದರ ಹಳೆ ಜಾಗದಲ್ಲಿ ಇರಲಿ ಎಂದಳು.

ಸುಳ್ಳಲ್ಲ ನಾನು ಹೇಳಿದ್ದು. ಪೂರ್ತಿ ಅಲ್ಲ, ಅಷ್ಟೇ.

ಬಂದ್ ಎಂದ ದಿನದ ಆ ಕಡೆಯ ದೃಶ್ಯ. ಅಡುಗೆಮನೆ, ನಾಲ್ಕು ಹತ್ತು. ವಿಲ್ಫ್ ಚಹಾ ಕುಡಿದು ಎದ್ದು ಹೊರಗೆ ಹೋಗುತ್ತಾನೆ — ಸ್ಕ್ರಿಪ್ಟಿನಲ್ಲಿದ್ದದ್ದು ಇಷ್ಟೇ. ಕ್ಲಿಫ್ ಏಳಲಿಲ್ಲ. ನನ್ನ ಕೈ ಹಿಡಿದು ಕೂತುಬಿಟ್ಟ. ಮಾತಿಲ್ಲ. ನಿರ್ದೇಶಕ ಕಟ್ ಅನ್ನಲಿಲ್ಲ. ಒಂದೂವರೆ ನಿಮಿಷ. ಅಷ್ಟನ್ನೂ ಹಾಗೇ ಪ್ರಸಾರ ಮಾಡಿದರು, ಎಂಥ ನಟನೆ ಎಂದು ಪತ್ರಿಕೆಗಳು ಬರೆದವು.

ಆಮೇಲೆ ಕೋಟು ಹಾಕಿಕೊಂಡು ಇಬ್ಬರೂ ಅವರವರ ಬಸ್ಸಿಗೆ ಹೋದೆವು. ಅಷ್ಟೇ ನಡೆದದ್ದು. ಹದಿನೈದು ವರ್ಷ ಅವನು ಆ ಹೊತ್ತನ್ನು ಗೋಡೆಗೆ ತೂಗುಹಾಕಿಕೊಂಡಿದ್ದ. ನನಗೆ ಗೊತ್ತಿರಲಿಲ್ಲ. ದೇವರೇ, ನನಗೆ ಗೊತ್ತಿರಲಿಲ್ಲ.

೧೪ ಮಾರ್ಚ್

ಶೂಟಿಂಗ್ ಆಯಿತು.

ಇಮೋಜೆನ್‌ಳ ಉಪಾಯ — ಥೆಲ್ಮಾಳನ್ನೂ ಕರೆಸಿ, ಅಂತ್ಯಸಂಸ್ಕಾರಕ್ಕೆ ಬಂದ ಜನರ ನಡುವೆ ಕೂರಿಸಿದ್ದಳು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ತಿರುಗಿ ನೋಡಿದೆ. ಐದನೆಯ ಸಾಲು.

ಮೊದಲ ಟೇಕಿನಲ್ಲಿ ಕಣ್ಣೀರು ಬರಲಿಲ್ಲ. ಬೆನ್ನಿಗೆ ಅವಳ ಕಣ್ಣು ತಾಗುತ್ತಿತ್ತು. ಎರಡನೆಯದರಲ್ಲೂ ಇಲ್ಲ. ಮೇಕಪ್ಪಿನ ಹುಡುಗಿ ಕಣ್ಣೀರು ಬರಿಸಲು ಕಣ್ಣಿನ ಕೆಳಗೆ ಹಚ್ಚುವ ಮುಲಾಮು ತಂದಳು. ಬೇಡ ಎಂದೆ. ಮೂರನೆಯ ಟೇಕಿನಲ್ಲಿ ಪೆಟ್ಟಿಗೆಯ ಮೇಲಿನ ಫೋಟೋ ಕೊಂಚ ವಾಲಿತ್ತು, ನೆಟ್ಟಗೆ ಮಾಡೋಣ ಎಂದು ಎದ್ದೆ. ಸ್ಕ್ರಿಪ್ಟಿನಲ್ಲಿ ಇಲ್ಲ. ಫೋಟೋ ಮುಟ್ಟಿದೆ, ಅಳು ಒಡೆದುಬಂತು. ಎಷ್ಟು ಹೊತ್ತೋ ಗೊತ್ತಿಲ್ಲ. ಯಾರೂ ಕಟ್ ಅನ್ನಲಿಲ್ಲ.

ಊಟದ ಸಾಲಿನಲ್ಲಿ ಥೆಲ್ಮಾ ಬಂದು ಕೈ ಹಿಡಿದಳು.

"ನಿಜದಲ್ಲಿ ನಾನೂ ಅಷ್ಟು ಅತ್ತಿರ್ಲಿಲ್ಲ, ನೊರೀನ್."

ಹೊಗಳಿದ್ದೇ ಇರಬೇಕು.

೧೯ ಮಾರ್ಚ್, ಭಾನುವಾರ

ಗಡಿಯಾರ ವಾಪಸ್ ಕೊಡಲು ಹೋಗಿದ್ದೆ. ಸೆಟ್ಟಿನಲ್ಲಿ ಹನ್ನೊಂದಕ್ಕೆ ಇಟ್ಟಿದ್ದರು. ಥೆಲ್ಮಾ ಮತ್ತೆ ನಾಲ್ಕು ಹತ್ತಕ್ಕೆ ತಿರುಗಿಸಿದಳು. ಅವನು ಹಾಗೇ ಇಟ್ಟಿದ್ದ, ಹಾಗೇ ಇರಲಿ ಎಂದಳು.

'ಬಾಬಿನ್ ರೋ' ಒಂದು ಕಂತನ್ನೂ ಅವಳು ನೋಡಿಲ್ಲವಂತೆ. ಕೆಲಸ ಕೆಲಸದಲ್ಲಿರಲಿ, ಮನೆಗೆ ಬೇಡ ಅನ್ನುತ್ತಿದ್ದನಂತೆ ಕ್ಲಿಫ್. ಈಗ ಹಳೆಯವನ್ನೆಲ್ಲ ಹಾಕಿದ್ದಾರಲ್ಲ. ದಿನಕ್ಕೊಂದು ನೋಡುತ್ತಾಳಂತೆ, ಮಧ್ಯಾಹ್ನದ ಊಟವಾದ ಮೇಲೆ. ಐದು ವರ್ಷದ ಮೇಲೆ ಮನೆಯಲ್ಲಿ ಅವನ ದನಿ ಕೇಳಿಸುತ್ತದೆ ಎಂದಳು.

ತೊಂಬತ್ತು ಕಂತು. ಬಸ್ಸಿನಲ್ಲಿ ಬೆರಳು ಮಡಿಸಿ ಲೆಕ್ಕ ಹಾಕಿದೆ. ಆ ಕಡೆಯದು ಜೂನ್‌ನಲ್ಲಿ.

೮ ಏಪ್ರಿಲ್

ದಿನಾ ಸಂಜೆ ಫೋನ್ ಮಾಡುತ್ತಾಳೆ. ನೀವು ಹೋಗಿ ನೀನು ಆಗಿದ್ದೇನೆ. ಈಡಿ ಪೈ ಸುಟ್ಟ ಕಂತಿಗೆ ಬಿದ್ದು ಬಿದ್ದು ನಕ್ಕಳಂತೆ. ಕ್ಲಿಫ್‌ನ ಆ ಹಸಿರು ಟೈ ಅವಳೇ ಕೊಡಿಸಿದ್ದಂತೆ. ಆರು ಗಂಟೆಗೆ ಫೋನಿನ ಪಕ್ಕ ಕೂತಿರುತ್ತೇನೆ, ನಾಚಿಕೆಗೆಟ್ಟವಳು. ಇಷ್ಟು ವರ್ಷದಲ್ಲಿ ನನಗೆ ದಿನಾ ಫೋನ್ ಮಾಡಿದವರು ಯಾರಿದ್ದಾರೆ?

ಶನಿವಾರ ಶನಿವಾರ ಅವಳಲ್ಲಿಗೆ ಊಟಕ್ಕೆ.

೯ ಮೇ

ಇವತ್ತು ಥೆಲ್ಮಾ ಫೋನಿನಲ್ಲಿ —

"ನೊರೀನ್, ಆ ಗಡಿಯಾರ ಒಂದೊಂದು ದೃಶ್ಯದಲ್ಲಿ ಒಂದೊಂದು ಟೈಮ್ ತೋರಿಸ್ತದೆ ಕಣೇ. ಎಂಟೂವರೆ, ಹನ್ನೆರಡು, ಆರು ಇಪ್ಪತ್ತು... ನಾಲ್ಕು ಹತ್ತು ಇನ್ನೂ ಬಂದೇ ಇಲ್ಲ. ಬಂದೇ ಬರ್ತದೆ. ಅವನು ಸುಮ್ನೆ ಹಾಗೆ ಇಟ್ಟೋನಲ್ಲ. ನಿನಗೆ ನೆನಪಿದೆಯಾ, ಯಾವುದರಲ್ಲಿ ಬರ್ತದೆ?"

ನೆನಪಿಲ್ಲ ಎಂದೆ. ಒಂಬತ್ತು ವರ್ಷದ ಮಾತುಗಳನ್ನು ಇವತ್ತಿಗೂ ಒಪ್ಪಿಸಬಲ್ಲ ನಾನು.

ಅವಳು ನೋಡುತ್ತಿರುವುದು ಕಥೆಯನ್ನಲ್ಲ. ಹುಡುಕುತ್ತಿದ್ದಾಳೆ. ನಟನೆ ಎಂದು ಪತ್ರಿಕೆಯವರು ನಂಬಿದರು, ನಿರ್ದೇಶಕ ನಂಬಿದ. ನಲವತ್ತೊಂದು ವರ್ಷ ಜೊತೆಗಿದ್ದವಳಿಗೆ ಗಂಡನ ಮುಖ ಗೊತ್ತಾಗದೇ?

೨೭ ಮೇ, ಶನಿವಾರ

ಹೇಳಿಬಿಡೋಣ ಎಂದು ಹೋದೆ. ಪರದೆಯ ಮೇಲೆ ನೋಡುವುದಕ್ಕಿಂತ ನನ್ನ ಬಾಯಿಂದ ಕೇಳುವುದು ವಾಸಿ. ಬಸ್ಸಿನಲ್ಲಿ ಮೂರು ಸಲ ಒಪ್ಪಿಸಿಕೊಂಡೆ.

ನನಗೆ ಇಷ್ಟವೆಂದು ಕರ್ಡ್ ಟಾರ್ಟ್, ಒಡೆದ ಹಾಲಿನ ಸಿಹಿ, ಮಾಡಿಟ್ಟಿದ್ದಳು. ಸ್ಕಾರ್ಬರೋಗೆ ಹೋಗೋಣ ಆಗಸ್ಟಿನಲ್ಲಿ, ಒಬ್ಬಳೇ ಸಮುದ್ರ ನೋಡಿ ಸಾಕಾಗಿದೆ, ಎರಡು ಕೋಣೆ ಬೇಡ, ಒಂದರಲ್ಲೇ ಎರಡು ಮಂಚ ಸಾಕು ಎಂದಳು. ಎಪ್ಪತ್ತೈದು ಕಂತು ಮುಗಿಯಿತಂತೆ.

ಟಾರ್ಟ್ ತಿಂದೆ. ಸ್ಕಾರ್ಬರೋಗೆ ಹೂಂ ಎಂದೆ. ಮನೆಗೆ ಬಂದೆ. ಹೇಡಿ.

೧೦ ಜೂನ್

ಈ ಶನಿವಾರ ಊಟ ಬೇಡ, ಕಡೆಯ ಕಂತು ಒಬ್ಬಳೇ ನೋಡುತ್ತೇನೆ ಎಂದಿದ್ದಳು. ಆರಕ್ಕೆ ಫೋನ್ ಬರಲಿಲ್ಲ. ಏಳಕ್ಕೂ ಇಲ್ಲ.

೧೨ ಜೂನ್, ಸೋಮವಾರ

ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ಥೆಲ್ಮಾ. ಟ್ಯಾಕ್ಸಿ ಕೆಳಗೆ ಕಾಯುತ್ತಿತ್ತು. ಕೈಯಲ್ಲಿ ತರಕಾರಿ ಚೀಲ. ಒಳಗೆ ಬಂದಳು, ಕೂರಲಿಲ್ಲ. ಚೀಲದಿಂದ ಗಡಿಯಾರ ತೆಗೆದು ಮೇಜಿನ ಮೇಲೆ ಇಟ್ಟಳು. ನಾಲ್ಕು ಹತ್ತು. ನನ್ನ ಬೆರಳಿನ ಉಂಗುರ ನೋಡಿದಳು. ಶೂಟಿಂಗಿನ ದಿನದಿಂದ ಬಿಚ್ಚಲು ಬಂದಿಲ್ಲ. ಅವಳಲ್ಲಿಗೆ ಹೋಗುವಾಗ ಕೈಗವಸು, ಇಲ್ಲವೇ ಗಾಯದ ಪ್ಲಾಸ್ಟರ್ ಸುತ್ತುತ್ತಿದ್ದೆ.

ನಡೆದದ್ದು ಏನೂ ಇಲ್ಲ ಎಂದೆ. ಅವನ ಆಣೆ, ಏನೂ ಇಲ್ಲ, ಒಂದು ಮಾತು ಕೂಡ ಇಲ್ಲ ಥೆಲ್ಮಾ.

"ಗೊತ್ತು. ಏನಾದ್ರೂ ನಡೆದಿದ್ರೆ ಅವನು ಗಡಿಯಾರ ನಿಲ್ಲಿಸಿ ಇಟ್ಕೊಳ್ತಿರ್ಲಿಲ್ಲ."

ಅಷ್ಟೇ. ಕೋಪದ ದನಿ ಅಲ್ಲ. ಕೋಪವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಚಹಾ ಮಾಡಲೇ ಎಂದು ಕೇಳಿದೆ — ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಅದೇ. ಬೇಡ ಎಂದಳು. ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗದೆ, ಇನ್ನೊಂದು ಹೇಳಿದಳು.

"ನನ್ನನ್ನ ಹಾಗೆ ನೋಡಿದ್ದು ಎಂದಾದ್ರೂ ಇತ್ತಾ ಅಂತ ಎರಡು ದಿನದಿಂದ ನೆನಪು ಮಾಡ್ಕೊಳ್ತಾ ಇದೀನಿ."

ಮೆಟ್ಟಿಲು ಒಂದೊಂದೇ ಇಳಿದು ಹೋದಳು. ಮೊಣಕಾಲು ನೋವು ಅವಳಿಗೆ. ಕೈ ಹಿಡಿಯಲು ಹೋಗಲಿಲ್ಲ ನಾನು.

೧೮ ಆಗಸ್ಟ್

ಸ್ಕಾರ್ಬರೋದ ದಿನ. ಹೋಗಲಿಲ್ಲ.

೧೪ ಸೆಪ್ಟೆಂಬರ್

ಮೊದಲ ಕಂತು ಬಂತು. ಅಂಗಡಿಯವರೆಲ್ಲ ಅತ್ತರಂತೆ. ಬೀದಿಯಲ್ಲಿ ಒಬ್ಬಾಕೆ ತಡೆದು, ಗಂಡನನ್ನು ಕಳೆದುಕೊಂಡವರಿಗೆ ಮಾತ್ರ ಹಾಗೆ ಅಳಲು ಬರುವುದು, ನಿಮ್ಮವರು ಹೋಗಿ ಎಷ್ಟು ದಿನವಾಯಿತು ಎಂದಳು. ನನ್ನವರು ಎಂದು ಇದ್ದವನು ಎಂಬತ್ತೊಂದರಲ್ಲಿ ಬಿಟ್ಟುಹೋದ, ಬದುಕಿದ್ದಾನೆ, ಇದೇ ಲೀಡ್ಸಿನಲ್ಲಿ ಕೊಳಾಯಿ ರಿಪೇರಿ ಮಾಡಿಕೊಂಡಿದ್ದಾನೆ. ಐದು ವರ್ಷ ಎಂದೆ.

೯ ನವೆಂಬರ್, ಗುರುವಾರ. ಸಂಜೆ

ಇಮೋಜೆನ್ ಫೋನ್. ದನಿ ಕೇಳಿದಾಗಲೇ ಗೊತ್ತಾಯಿತು. ನೋಡುವವರು ಸಾಲದಂತೆ. ಮುಂದಕ್ಕೆ ಇಲ್ಲ. ಮತ್ತೆ ಬಂದ್. ಅಳುತ್ತಿದ್ದಳು ಪಾಪ. ನಾನೇ ಸಮಾಧಾನ ಮಾಡಿದೆ — ನನಗೆ ಅಭ್ಯಾಸವಿದೆಯಮ್ಮ ಎಂದೆ. ನಿಜಕ್ಕೂ ಅದಕ್ಕೆ ಅಳು ಬರಲಿಲ್ಲ.

ಇದನ್ನು ಒಬ್ಬರಿಗೆ ಹೇಳಬೇಕು ಅನ್ನಿಸಿತು, ಒಬ್ಬರಿಗೇ. ಆರು ಗಂಟೆಗೆ ಆಟ್ಲಿಯ ನಂಬರ್ ಒತ್ತಿದೆ. ರಿಂಗ್ ಆಯಿತು, ಆಯಿತು, ನಿಂತಿತು. ಇನ್ನೊಮ್ಮೆ. ಅವಳು ಮನೆಯಲ್ಲೇ ಇರುತ್ತಾಳೆ ಆ ಹೊತ್ತಿಗೆ. ಫೋನ್ ಇರುವುದು ಅಡುಗೆಮನೆಯಲ್ಲಿ, ಗಡಿಯಾರವಿದ್ದ ಗೋಡೆಯ ಕೆಳಗೆ. ಈಗ ಅಲ್ಲಿ ಮೊಳೆ ಮಾತ್ರ.

ಇದ್ದದ್ದನ್ನೆಲ್ಲ ಆ ನಾಲ್ಕು ಹತ್ತರಲ್ಲೇ ಇಟ್ಟುಕೊಂಡಿದ್ದ ಅವನು. ಅದರಲ್ಲೇ ಇಟ್ಟುಕೊಂಡೆ ನಾನೂ. ಅವಳಿಗೆ ನಾವು ಏನೂ ಉಳಿಸಲಿಲ್ಲ.

ಸಾಬೂನು ಹಚ್ಚಿ ಹಚ್ಚಿ ಉಂಗುರ ತೆಗೆದೆ. ಬೆರಳು ಸುಲಿದಿದೆ. ಡ್ರಾಯರಿನಲ್ಲಿ ಟಾರ್ಚಿನ ಬ್ಯಾಟರಿ ಇತ್ತು, ಗಡಿಯಾರಕ್ಕೆ ಹಾಕಿದೆ. ಓಡುತ್ತಿದೆ. ಸದ್ದು ಜೋರು — ಇಷ್ಟು ಜೋರೆಂದು ನನಗೆ ಗೊತ್ತೇ ಇರಲಿಲ್ಲ, ಇದನ್ನು ಓಡುವಾಗ ಕೇಳಿದವಳಲ್ಲವಲ್ಲ. ಮುಳ್ಳು ಸರಿ ಮಾಡಬೇಕು. ನಾಳೆ ಇದನ್ನು ಅವಳ ಮೊಳೆಗೇ ತಗುಲಿಸಿ ಬರುತ್ತೇನೆ, ಬಾಗಿಲು ತೆಗೆದರೆ. ಈಗ ಗಂಟೆ ಏಳು ಇಪ್ಪತ್ತು.