ಅಪ್ಪನ ವಾಚನಾಲಯದ ಷೇರುಗಳು

ವಾಚನಾಲಯದ ಮಹಡಿ,
ಮಾರ್ಚ್ ೪, ಮಂಗಳವಾರ

ಪ್ರೀತಿಯ ಅಣ್ಣಾ,

ಮಂಡಿ ನೋವು ಹೇಗಿದೆ? ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತುವ ಚಟ ನೀನಿನ್ನೂ ಬಿಟ್ಟಿಲ್ಲವಂತೆ, ಅತ್ತಿಗೆಯ ತಂಗಿ ಹೇಳಿದಳು. ನಿನ್ನ ಸುದ್ದಿ ನನಗೆ ಹೀಗೆ ಯಾರ್ಯಾರದೋ ಬಾಯಿಂದ ಬರುತ್ತದೆ. ಹದಿನೇಳು ವರ್ಷದಿಂದ ನಿನ್ನನ್ನೇ ಕೇಳುವ ಮುಖ ನನಗಿರಲಿಲ್ಲ. ನನಗೆ ಬಿಪಿ ಒಂದು ಬಿಟ್ಟರೆ ಬೇರೇನೂ ತೊಂದರೆಯಿಲ್ಲ.

ಕಳೆದ ವಾರ ನಮ್ಮ ಬೈಂಡರ್ ತಾತ ತೀರಿಕೊಂಡರು. ಎಂಬತ್ತೆಂಟು ವರ್ಷ. ಬೆಳಿಗ್ಗೆ ಬಂದು ಒಂದು ನಿಘಂಟಿನ ಬೆನ್ನಿಗೆ ಅಂಟು ಹಚ್ಚಿ, ಮೇಲೆ ಭಾರ ಇಟ್ಟು, ಸ್ವಲ್ಪ ಒರಗಿಕೊಳ್ಳುತ್ತೇನೆ ಎಂದವರು ಮತ್ತೆ ಏಳಲಿಲ್ಲ. ಮಾರನೆಯ ದಿನ ಆ ನಿಘಂಟನ್ನು ನಾನೇ ತೆಗೆದು ನೋಡಿದೆ. ಅಂಟು ಚೆನ್ನಾಗಿ ಹಿಡಿದಿತ್ತು.

ಅವರ ಬಗ್ಗೆ ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಅಪ್ಪ ಕಟ್ಟಿದ ಈ ವಾಚನಾಲಯದ ನಿಧಿಯಲ್ಲಿ ಅರ್ಧವನ್ನು ನೀನು ಆ ಇಬ್ಬರು ಎಂಜಿನಿಯರ್ ಹುಡುಗಿಯರ ಕಂಪನಿಯ ಷೇರಿಗೆ ಹಾಕಿದ್ದೆಯಲ್ಲ. ಹಳೆಯ ಪುಸ್ತಕದ ಬೆನ್ನು ಮುರಿಯದ ಹಾಗೆ ಪುಟಗಳ ಚಿತ್ರ ತೆಗೆಯುವ ಯಂತ್ರ ಮಾಡುತ್ತೇವೆಂದು ದರ್ಜಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಕೂತಿದ್ದವರು. ಮೂರನೇ ವರ್ಷಕ್ಕೆ ಆ ಷೇರಿಗೆ ಕವಡೆ ಕಾಸಿನ ಬೆಲೆಯೂ ಇಲ್ಲವಾಯಿತು. ನಿನ್ನನ್ನು ಖಜಾಂಚಿ ಕೆಲಸದಿಂದ ತೆಗೆಯಲು ಸಮಿತಿಯವರು ಸಭೆ ಕರೆದರು. ಅಪ್ಪನ ಬೆವರನ್ನು ಜೂಜಿಗೆ ಹಾಕಿದ ಎಂದು ಅಧ್ಯಕ್ಷರಾಗಿದ್ದ ವಕೀಲರು ಹೇಳುವಾಗ ನಾನು ತಲೆ ತಗ್ಗಿಸಿ ಕುಳಿತಿದ್ದೆ. ಆಮೇಲೆ ಎಲ್ಲರ ಜೊತೆ ಕೈ ಎತ್ತಿದೆ. ನೀನು ನೋಡಿದೆ. ಬೀಗದ ಕೈ ಮೇಜಿನ ಮೇಲಿಟ್ಟು, ಕನ್ನಡಕ ಒರೆಸಿಕೊಂಡು ಹೊರಟುಹೋದೆ.

ಮುಂದಿನ ವಾರ, ಬಂದಷ್ಟಕ್ಕೆ ಷೇರು ಮಾರಿಬಿಡೋಣ ಎಂದರು. ತಾತ ಸಮಿತಿಯಲ್ಲಿ ಎಂದೂ ಬಾಯಿ ಬಿಟ್ಟವರಲ್ಲ. ಅಂದು ಎದ್ದು ನಿಂತು, "ನಾನು ಹೊಲಿದ ಪುಸ್ತಕ ನೂರು ವರ್ಷ ಬರಬೇಕು ಅಂತೀರಿ. ಈ ಮಕ್ಕಳಿಗೆ ಮೂರೇ ವರ್ಷನಾ?" ಎಂದರು. ಮಾರುವ ಮಾತು ಮುಂದಕ್ಕೆ ಹೋಯಿತು, ಆಮೇಲೂ ಮುಂದಕ್ಕೆ ಹೋಗುತ್ತಲೇ ಇತ್ತು.

ಈಗ ಆ ಯಂತ್ರ ಎಷ್ಟೋ ದೇಶಗಳ ಗ್ರಂಥಾಲಯಗಳಲ್ಲಿದೆ. ಆರು ವರ್ಷದಿಂದ ನಮ್ಮ ಸಂಬಳ, ಹೊಸ ಪುಸ್ತಕ, ಚಾವಣಿ ರಿಪೇರಿ ಎಲ್ಲವೂ ಅದರ ಲಾಭಾಂಶದಲ್ಲೇ ನಡೆಯುತ್ತಿದೆ. ಹೋದ ತಿಂಗಳು ನಮ್ಮಲ್ಲಿಗೂ ಒಂದು ಬಂತು. ಮೊದಲು ಇಟ್ಟಿದ್ದು ಅಪ್ಪ ಕೈಯಲ್ಲಿ ಬರೆದಿದ್ದ ಪುಸ್ತಕಗಳ ಪಟ್ಟಿ. ಅಪ್ಪನ ಸೊಟ್ಟ ‘ಳ’ ಪರದೆಯ ಮೇಲೆ ಅಂಗೈಯಗಲ ಕಂಡಾಗ ವಕೀಲರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. "ಅವನಿಗೆ ನಾವೊಂದು ಮಾತು ಬರೀಬೇಕಿತ್ತು" ಎಂದರು. ನನ್ನ ಕಡೆ ನೋಡಿ ಹೇಳಲಿಲ್ಲ, ಆದರೂ ನನಗೇ ನಾಟಿತು.

ಷೇರು ಏರಿತೆಂದು ಇದನ್ನು ಬರೆಯುತ್ತಿಲ್ಲ ಅಣ್ಣಾ. ಆ ಕಂಪನಿ ಮುಳುಗಿಹೋಗಿದ್ದರೂ ನಾನು ಅಂದು ಕೈ ಎತ್ತಬಾರದಿತ್ತು. ಇಷ್ಟು ಹೇಳುವುದಕ್ಕೆ ಲಾಭ ಬರುವ ತನಕ ಕಾದೆನಲ್ಲ, ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅತ್ತಿಗೆಗೆ ನಮಸ್ಕಾರ. ಮಕ್ಕಳಿಗೆ ಈ ಅತ್ತೆಯ ನೆನಪು ಇದ್ದರೂ ಇರದಿದ್ದರೂ ನನ್ನ ಆಶೀರ್ವಾದ ತಿಳಿಸು.

ನಿನ್ನ ತಂಗಿ,
ಪುಟ್ಟಿ

ಬರೆಯಲು ಮರೆತೆ: ಸಮಿತಿಯಲ್ಲಿ ತಾತನ ಜಾಗಕ್ಕೆ ನಿನ್ನೆ ನಿನ್ನ ಹೆಸರು ಬರೆದುಕೊಂಡಿದ್ದಾರೆ. ಮುಂದಿನ ಇಪ್ಪತ್ತು ವರ್ಷಕ್ಕೆ ನಿಧಿಯನ್ನು ಎಲ್ಲಿ ಹಾಕಬೇಕೆಂದು ಇದೇ ತಿಂಗಳು ಇಪ್ಪತ್ತಾರಕ್ಕೆ ಸಭೆ ಇದೆ. ಒಪ್ಪಿಗೆ ಪತ್ರ ಅಂಚೆಯಲ್ಲಿ ಕಳಿಸಬೇಡ. ಅಂದು ಬಸ್ಸು ಬರುವುದು ಬೆಳಿಗ್ಗೆ ಹತ್ತು ಗಂಟೆಗೆ. ನಾನು ಒಂಬತ್ತಕ್ಕೇ ನಿಲ್ದಾಣದಲ್ಲಿರುತ್ತೇನೆ.