ಐದನೆಯ ಮುತ್ತೈದೆ

ಎಲ್ಕ್ ಗ್ರೋವ್ ವಿಲೇಜ್, ಚಿಕಾಗೋ ಹತ್ತಿರ
ಸೋಮವಾರ, ೧೮ ಜೂನ್ ೧೯೭೩

ಯಜಮಾನರ ಪಾದಕ್ಕೆ ಇಂದುಮತಿಯ ನಮಸ್ಕಾರ.

ನಿಮ್ಮ ಬಿ.ಪಿ. ಹೇಗಿದೆ? ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀರೋ, ಇಲ್ಲ ನಾನಿಲ್ಲವೆಂದು ಉಪ್ಪಿನಕಾಯಿ ಜಾಡಿಗೆ ಕೈ ಹಾಕುತ್ತಿದ್ದೀರೋ? ಸುಳ್ಳು ಬರೆಯಬೇಡಿ, ನಿಮ್ಮ ಅಕ್ಷರ ನೋಡಿದರೇ ನನಗೆ ಗೊತ್ತಾಗುತ್ತದೆ. ಇಲ್ಲಿ ಸೊಸೆ ರೇಣು ಗೆಲುವಾಗಿದ್ದಾಳೆ. ಬಾಣಂತನಕ್ಕೆ ಏನೂ ಕೊರತೆಯಿಲ್ಲ. ಸಾಮ್ರಾಣಿ ಹೊಗೆ ಹಾಕಿದ ಮೊದಲ ದಿನ ಪಕ್ಕದ ಮನೆಯವರು ಬೆಂಕಿ ಬಿತ್ತೆಂದು ಓಡಿಬಂದರು, ಅಷ್ಟೇ. ಮೊಮ್ಮಗಳಿಗೆ ಥೇಟ್ ನಿಮ್ಮದೇ ಹಣೆ. ಪಾಪ, ಹೆಣ್ಣುಮಗು, ಕೂದಲು ಬಂದರೆ ಮುಚ್ಚಿಹೋಗುತ್ತದೆ ಬಿಡಿ.

ನಾಮಕರಣ ನಿನ್ನೆ ಆಯಿತು. ಆದರೆ ಅದು ಆದ ರೀತಿಯನ್ನು ನಿಮಗೆ ಮೊದಲಿನಿಂದಲೇ ಹೇಳಬೇಕು. ಹನ್ನೆರಡನೆಯ ದಿನವೇ ಮಾಡೋಣವೆಂದರೆ ನಿಮ್ಮ ಮಗ ಜಯಸಿಂಹ, ಅಮ್ಮ, ಈ ಊರಲ್ಲಿ ದೇವರೂ ವೀಕೆಂಡ್‌ಗೇ ಬರೋದು ಎಂದುಬಿಟ್ಟ. ಸರಿ, ಭಾನುವಾರವೇ ಆಗಲಿ ಎಂದೆ. ಮಗುವನ್ನು ತೊಟ್ಟಿಲಿಗೆ ಹಾಕಲು ಐದು ಜನ ಮುತ್ತೈದೆಯರಾದರೂ ಬೇಡವೇ? ನಾನೊಬ್ಬಳು, ಅವನ ಆಸ್ಪತ್ರೆಯ ಡಾಕ್ಟರರ ಹೆಂಡಂದಿರು ಇಬ್ಬರು, ಡೆಟ್ರಾಯಿಟ್‌ನಿಂದ ಡ್ರೈವ್ ಮಾಡಿಕೊಂಡು ಬರುವ ರೇಣುವಿನ ಗೆಳತಿ ಸರಳಾ. ಐದನೆಯವರನ್ನು ಎಲ್ಲಿಂದ ತರಲಿ? ಆಗ ನನಗೆ ಹೊಳೆದದ್ದು ಕೆಳಗಿನ ಮನೆಯ ಫ್ರೆಂಚ್ ಅಜ್ಜಿ, ಮದಾಮ್ ಸೊಲಾಂಜ್.

ಎಂಬತ್ತು ದಾಟಿದ ಹೆಂಗಸು. ಆದರೂ ತುಟಿಗೆ ಕೆಂಪು ಬಣ್ಣ, ಮುಡಿಗೊಂದು ಹೂವು, ಬೆರಳಲ್ಲಿ ಮದುವೆಯ ಉಂಗುರ, ದಿನಕ್ಕೊಂದು ಬಣ್ಣದ ಬಟ್ಟೆ. ಮಾತೆತ್ತಿದರೆ ನನ್ನ ಗಂಡನಿಗೆ ಇದು ಇಷ್ಟ, ನನ್ನ ಗಂಡನಿಗೆ ಅದು ಆಗುವುದಿಲ್ಲ. ಹೆಸರು ಮಾತ್ರ ಬಾಯಲ್ಲಿ ಬರುವುದಿಲ್ಲ. ನೋಡಿದಿರಾ, ನಮ್ಮ ಹಾಗೆಯೇ ಗಂಡನ ಹೆಸರು ಹೇಳದ ಗೃಹಿಣಿ ಎಂದು ನಾನು ರೇಣುವಿನ ಮುಂದೆ ಹೊಗಳಿದ್ದೇ ಹೊಗಳಿದ್ದು. ಡೆಟ್ರಾಯಿಟ್‌ನಲ್ಲಿ ಅವರಿಗೆ ಬಂಧುಗಳಿದ್ದಾರಂತೆ. ನೀವು ಮೈಸೂರಿನಲ್ಲಿ, ನಾನಿಲ್ಲಿ ಇರುವ ಹಾಗೆ ಆ ಮುದುಕರು ಅಲ್ಲಿರಬೇಕು ಎಂದುಕೊಂಡೆ. ಕೇಳಲಿಲ್ಲ. ಮುತ್ತೈದೆಯನ್ನು ನಿನ್ನ ಗಂಡ ಇದ್ದಾರೇನಮ್ಮ ಎಂದು ಯಾರಾದರೂ ಕೇಳುತ್ತಾರೆಯೇ?

ಆಕೆ ದೊಡ್ಡ ನಟಿಯಾಗಿದ್ದರು. ಮಧ್ಯಾಹ್ನ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ತಮ್ಮ ಕಥೆ ಹೇಳುತ್ತಿದ್ದರು, ರೇಣು ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಹದಿನಾಲ್ಕು ತುಂಬುವ ಮೊದಲೇ ಊರು ಬಿಟ್ಟು ನಾಟಕದ ಕಂಪನಿ ಸೇರಿದರಂತೆ. ಮೊದಲು ದಾಸಿಯ ಪಾರ್ಟು, ಆಮೇಲೆ ಪ್ಯಾರಿಸ್ಸಿನಲ್ಲಿ ರಾಣಿಯ ಪಾರ್ಟು. ಮೂಕಿ ಸಿನಿಮಾ ಶುರುವಾದಾಗ, ಛೀ, ಅದು ಜಾತ್ರೆ ಡೇರೆಯ ಆಟ ಎಂದು ನಾಟಕದವರೆಲ್ಲ ಮೂಗು ಮುರಿದರಂತೆ. ಈಕೆ ಬೆಳಿಗ್ಗೆ ಮುಖಕ್ಕೆ ಮುಸುಕು ಹಾಕಿಕೊಂಡು ಗಾಜಿನ ಮಾಡಿನ ಸ್ಟುಡಿಯೋಗೆ ಹೋಗಿ ಸಿನಿಮಾ ಮಾಡಿ, ಸಂಜೆ ಏನೂ ಅರಿಯದವಳ ಹಾಗೆ ನಾಟಕಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದರಂತೆ. ಆ ಕಾಲದ ರೀಲಿನಲ್ಲಿ ಕೆಂಪು ಬಣ್ಣ ಕಪ್ಪಾಗಿ ಬೀಳುತ್ತಿತ್ತಂತೆ. ಕೊನೆಗೆ ನಾಟಕದ ತಂಡದೊಂದಿಗೆ ಅಮೆರಿಕಕ್ಕೆ ಬಂದರು. ಡೆಟ್ರಾಯಿಟ್‌ನಲ್ಲಿ ತಂಡ ಒಡೆದುಹೋಯಿತು. ಅಷ್ಟರಲ್ಲಿ ಸಿನಿಮಾಕ್ಕೆ ಮಾತು ಬಂತು, ಇವರ ಇಂಗ್ಲಿಷ್ ಯಾರಿಗೂ ಬೇಡವಾಯಿತು. ಕಾರು ಕಾರ್ಖಾನೆಯ ಸಾಹುಕಾರರ ಮಕ್ಕಳಿಗೆ ಫ್ರೆಂಚ್ ಪಾಠ ಹೇಳಿಕೊಟ್ಟು ಬದುಕಿದರು.

ಮೊನ್ನೆ ಶನಿವಾರ ಮಧ್ಯಾಹ್ನ ಊರಿನ ಲೈಬ್ರರಿಯಲ್ಲಿ ಅವರ ಹಳೆಯ ಸಿನಿಮಾ ತೋರಿಸಿದರು. ಯಾರೋ ಕಾಲೇಜು ಮೇಷ್ಟ್ರು ಎಲ್ಲಿಂದಲೋ ಹುಡುಕಿ ತಂದದ್ದಂತೆ. ಮಗುವನ್ನು ಜಯಸಿಂಹನ ಕೈಗೆ ಕೊಟ್ಟು ನಾನೂ ರೇಣುವೂ ಹೋದೆವು. ನೋಡಿದರೆ ಅದು ನಮ್ಮ ದೇಶದ ಕಥೆ! ತಲೆಯ ಮೇಲೆ ಕೋಳಿಪುಕ್ಕ ಸಿಕ್ಕಿಸಿಕೊಂಡ ರಾಜ, ಬಟ್ಟೆಯ ಮೇಲೆ ಬರೆದ ಆನೆ, ಕಿಟಕಿಯ ಪರದೆ ಸುತ್ತಿಕೊಂಡು ಹಣೆಗೆ ರೂಪಾಯಿಯಗಲ ಕಪ್ಪು ಬೊಟ್ಟಿಟ್ಟ ರಾಣಿ, ನಮ್ಮ ಮದಾಮ್. ಮೊದಲು ನಗು ತಡೆಯಲಾಗಲಿಲ್ಲ. ರಾಜ ಸತ್ತ. ಚಿತೆ ಹತ್ತಿಸಿದರು. ರಾಣಿ ನಗುನಗುತ್ತಾ ನಡೆದುಹೋಗಿ ಅದರೊಳಕ್ಕೆ ಹಾರಿಬಿಟ್ಟಳು! ನಾನು ಅಯ್ಯೋ ಎಂದು ಕೂಗಿ ಎದ್ದು ನಿಂತೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ದೀಪ ಹಾಕಿದ ಮೇಲೆ ಆ ಮೇಷ್ಟ್ರು, ರಾಜನ ಪಾರ್ಟು ಮಾಡಿದವರು ಇವರ ಗಂಡ, ಸಾವಿರದ ಒಂಬೈನೂರ ಹದಿನಾರರ ಯುದ್ಧದಲ್ಲಿ ಸತ್ತರು ಎಂದರು. ಬೆಳಗಾದರೆ ನಮ್ಮ ಮಗುವನ್ನು ತೊಟ್ಟಿಲಿಗೆ ಹಾಕಬೇಕಾದವಳು ಐವತ್ತು ವರ್ಷಕ್ಕೂ ಹಿಂದೆ ಗಂಡನನ್ನು ಕಳೆದುಕೊಂಡವಳು!

ಹೊರಗೆ ಬಂದಾಗ ನನ್ನ ಮುಖ ಬಿಳಿಚಿಕೊಂಡಿತ್ತೇನೋ, ಏನಾಯಿತೆಂದು ಕೇಳಿದರು. ರೇಣು ಮುಚ್ಚಿಡಲಿಲ್ಲ. ಮುತ್ತೈದೆ ಎಂದರೇನು, ನಾವು ಏನೆಂದು ತಿಳಿದುಕೊಂಡಿದ್ದೆವು, ಎಲ್ಲವನ್ನೂ ಹೇಳಿದಳು. ಆಕೆಗೆ ಸಿಟ್ಟು ಬರಲಿಲ್ಲ. ನನ್ನ ಕೈ ಹಿಡಿದುಕೊಂಡು ಹೇಳಿದ್ದನ್ನು ರೇಣು ತಿಳಿಸಿದ ಹಾಗೆಯೇ ಬರೆಯುತ್ತೇನೆ. "ಸಿನಿಮಾದಲ್ಲಿ ಬೆಂಕಿಗೆ ಹಾರಿದೆ. ಅವನು ನಿಜವಾಗಿ ಸತ್ತ ಸುದ್ದಿ ಬಂದ ಸಂಜೆ ಮದುಮಗಳ ವೇಷ ಹಾಕಿಕೊಂಡು ಜನರನ್ನು ನಗಿಸಿದೆ, ಆಟ ನಿಲ್ಲಿಸಿದರೆ ಕಂಪನಿಯವರಿಗೆ ಊಟ ಇರಲಿಲ್ಲ. ನಿಮ್ಮೂರಿನಲ್ಲಿ ನನ್ನಂಥವಳನ್ನು ಈಗಲೂ ಸುಡ್ತಾರಾ?"

ಇಲ್ಲಪ್ಪ, ಆ ಕಾಲ ಎಂದೋ ಹೋಯಿತು ಎಂದೆ, ಸ್ವಲ್ಪ ಜೋರಾಗಿಯೇ. ಹಾಗಾದರೆ ಏನು ಮಾಡುತ್ತೀರಿ ಎಂದರು. ನಿಮ್ಮ ತಂಗಿ ಅಂಬುಜಾ ಕಣ್ಣ ಮುಂದೆ ಬಂದಳು. ಇಪ್ಪತ್ತಾರಕ್ಕೇ ಕುಂಕುಮ ಅಳಿಸಿಕೊಂಡು ನಮ್ಮ ಮನೆಗೆ ಬಂದವಳು. ಮನೆಯಲ್ಲಿ ಏನೇ ಶುಭವಾದರೂ ಹೋಳಿಗೆ ತಟ್ಟುವವಳು ಅವಳು, ಆರತಿಯ ಹೊತ್ತಿಗೆ ಕಣ್ಣಿಗೆ ಬೀಳದವಳೂ ಅವಳೇ.

ನಿನ್ನೆ ಎಲ್ಲರೂ ಬಂದರು. ರೇಣುವಿನಿಂದ ವಿಷಯ ತಿಳಿದ ಸರಳಾ ನನ್ನನ್ನು ಪಕ್ಕಕ್ಕೆ ಕರೆದು, ಆಂಟಿ, ಹೇಗೂ ಅವರಿಗೆ ಇದೆಲ್ಲ ಗೊತ್ತಾಗಲ್ಲ, ನಾಲ್ಕೇ ಜನ ಮುಗಿಸಿಬಿಡೋಣ ಎಂದು ಪಿಸುಗುಟ್ಟಿದಳು. ಜಯಸಿಂಹ ಕಿಟಕಿಯಾಚೆ ನೋಡುತ್ತಾ ನಿಂತ, ಥೇಟ್ ನಿಮ್ಮ ಹಾಗೆ. ಅಷ್ಟರಲ್ಲಿ ಮದಾಮ್ ಬಂದರು. ಹಸಿರು ರೇಷ್ಮೆ ಅಂಗಿ, ತುಟಿಗೆ ಅದೇ ಕೆಂಪು. ನಮ್ಮ ಮುಖಗಳನ್ನು ಒಂದು ಸಲ ನೋಡಿದರು. ಇಡೀ ಜನ್ಮ ಜನರ ಮುಖ ಓದಿ ಬದುಕಿದವರು, ಅವರಿಗೆ ಗೊತ್ತಾಗದೇ ಇರುತ್ತದೆಯೇ? ನಕ್ಕು, ನಾನು ಅಡಿಗೆಮನೆಯಲ್ಲಿ ಕೂತಿರ್ತೀನಿ, ಅಲ್ಲಿಂದ್ಲೂ ಕಾಣುತ್ತೆ ಎಂದು ಹೇಳಿ ಆ ಕಡೆ ಹೊರಟೇಬಿಟ್ಟರು.

ರೇಣು ಅದನ್ನು ಕನ್ನಡದಲ್ಲಿ ಹೇಳಿದಳು. ಇದು ಆರತಿಯ ಹೊತ್ತಿಗೆ ಅಂಬುಜಾ ಪ್ರತಿ ಸಲ ಹೇಳುವ ಮಾತು! ಅಕ್ಷರ ಕೂಡ ಹೆಚ್ಚುಕಡಿಮೆಯಿಲ್ಲ. ಕನ್ನಡದ ಗಂಧವಿಲ್ಲದ, ಏಳು ಸಮುದ್ರದಾಚೆಯ ಹೆಂಗಸಿನ ಬಾಯಲ್ಲಿ ಆ ಮಾತು ಹೇಗೆ ಬಂತು? ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ. ಓಡಿಹೋಗಿ ಅವರ ಕೈ ಹಿಡಿದು ಕರೆತಂದೆ, ಹಣೆಗೆ ಕುಂಕುಮವಿಟ್ಟೆ, ಮಗುವನ್ನು ಅವರ ಕೈಗೇ ಕೊಟ್ಟೆ. ಧೈರ್ಯವೆಂದು ತಿಳಿಯಬೇಡಿ. ನೀವು ಬರೆದು ಕಳಿಸಿದ ಹೆಸರನ್ನೇ ಮಗುವಿನ ಕಿವಿಯಲ್ಲಿ ಮೊದಲು ಹೇಳಿದವರೂ ಅವರೇ, ಶಾಯಾ ಎಂದು. ನಾವು ಛಾಯಾ ಎಂದು ತಿದ್ದಿಕೊಂಡೆವು. ಮಗು ಅಳಲಿಲ್ಲ. ಅಳುತ್ತಿದ್ದವಳು ನಾನು.

ಏರೋಗ್ರಾಮಿನಲ್ಲಿ ಜಾಗ ಮುಗಿಯಿತು. ಜಯಸಿಂಹ, ರೇಣು ನಿಮಗೆ ನಮಸ್ಕಾರ ಹೇಳಿದ್ದಾರೆ. ಸಂಜೆ ವಾಕಿಂಗ್ ಬಿಡಬೇಡಿ, ಮೈ ಕಡೆ ಗಮನವಿರಲಿ.

ಇತಿ ನಿಮ್ಮ
ಇಂದುಮತಿ

ಅಂಚಿನಲ್ಲಿ ಬರೆಯುತ್ತಿದ್ದೇನೆ, ಕಾಗದ ತಿರುಗಿಸಿ ಓದಿ. ದೀಪಾವಳಿಗೆ ರೇಣುವೂ ಮಗುವೂ ನನ್ನ ಜೊತೆ ಬರುತ್ತಾರೆ. ಬಾಗಿಲಲ್ಲಿ ಆರತಿ ಎತ್ತಲು ನಿಮ್ಮ ಅಕ್ಕನಿಗೆ ಹೇಳಿಕಳಿಸಬೇಡಿ. ಅಂಬುಜಾ ಎತ್ತಲಿ. ಅವಳು ಒಲ್ಲೆ ಎನ್ನುತ್ತಾಳೆ, ನಿಮ್ಮ ಅಕ್ಕ ಕೂಗಾಡುತ್ತಾರೆ, ನೀವು ಪೇಪರ್ ಹಿಡಿದುಕೊಂಡು ಕೂರುತ್ತೀರಿ, ಎಲ್ಲ ನನಗೆ ಗೊತ್ತು. ಅಂಬುಜಾ ಹಿತ್ತಲಿಗೆ ಹೋಗಿ ನಿಂತರೆ ನಾನೂ ಮಗುವನ್ನೆತ್ತಿಕೊಂಡು ಹಿತ್ತಲ ಬಾಗಿಲಿನಿಂದಲೇ ಬರುತ್ತೇನೆ. ಮೊಮ್ಮಗಳನ್ನು ಮೊದಲು ನೋಡಬೇಕೆಂದಿದ್ದರೆ ನೀವೂ ಅಲ್ಲೇ ಬಂದು ನಿಲ್ಲಿ.